ಹಕ್ಕಿಯ ಕಣ್ಣು ಮಾತ್ರ ಕಂಡರೆ ಸಾಕೆ?

ದ್ರೋಣರು ನಡೆಸಿದ ಪರೀಕ್ಷೆಯ ಕಥೆ ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ. ಶಾಲೆಯ ವಾರ್ಷಿಕೋತ್ಸವವಿರಲಿ, ಕೋಚಿಂಗ್ ಸೆಂಟರಿನ ಉದ್ಘಾಟನೆಯಿರಲಿ, ಅತಿಥಿಗಳಲ್ಲಿ ಒಬ್ಬರಾದರೂ ಅದನ್ನು ಹೇಳಿಯೇ ತೀರುತ್ತಾರೆ. ಮರದ ತುದಿಯಲ್ಲೊಂದು ಹಕ್ಕಿ. ಏನು ಕಾಣುತ್ತಿದೆ ಎಂದು ಗುರುಗಳು ಕೇಳುತ್ತಾರೆ. ಮರ ಕಾಣುತ್ತಿದೆ, ಹಕ್ಕಿ ಕಾಣುತ್ತಿದೆ, ನೀವು ಕಾಣುತ್ತಿದ್ದೀರಿ, ತಮ್ಮಂದಿರು ಕಾಣುತ್ತಿದ್ದಾರೆ ಎನ್ನುತ್ತಾನೆ ಧರ್ಮರಾಯ. ಗುರುಗಳು ಬೇಸರಪಟ್ಟು ಅವನನ್ನು ಪಕ್ಕಕ್ಕೆ ಸರಿಸುತ್ತಾರೆ. ಅರ್ಜುನನಿಗೆ ಕಾಣುವುದು ಹಕ್ಕಿಯ ತಲೆ ಮಾತ್ರ. ಬಾಯಿಂದ ಬಾಯಿಗೆ ಬರುತ್ತಾ ಆ ತಲೆ ಈಗ ಕಣ್ಣಾಗಿದೆ. ಅವನು ಪಾಸಾಗುತ್ತಾನೆ. ಮಕ್ಕಳೇ, ಏಕಾಗ್ರತೆ ಎಂದರೆ ಇದು ಎಂದು ಭಾಷಣ ಮುಗಿಯುತ್ತದೆ.

ಭಾಷಣಕಾರರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ವಿವರ ಆದಿಪರ್ವದಲ್ಲಿದೆ. ಆ ಹಕ್ಕಿ ಜೀವಂತ ಹಕ್ಕಿಯಲ್ಲ. ಕುಶಲಕರ್ಮಿಗಳಿಂದ ಮಾಡಿಸಿ ಮರದ ಮೇಲೆ ಇಡಿಸಿದ ಬೊಂಬೆ ಅದು. ಅಂದರೆ ಇಡೀ ಸನ್ನಿವೇಶವನ್ನು ಪರೀಕ್ಷೆಗೆಂದೇ ಕಟ್ಟಲಾಗಿತ್ತು. ಬಾಣ ಬಿಡುವವನಿಗೆ ಎಂಥ ಗಮನ ಬೇಕು ಎಂಬುದು ದ್ರೋಣರಿಗೆ ಮೊದಲೇ ಗೊತ್ತಿತ್ತು, ಅದನ್ನು ಮಾತ್ರ ಅವರು ಅಳೆದರು. ಬಿಲ್ವಿದ್ಯೆಯ ಗುರುವಾಗಿ ಅವರು ಮಾಡಿದ್ದು ಸರಿ. ಆದರೆ ಧರ್ಮರಾಯ ಹೇಳಿದ್ದರಲ್ಲಿ ಸುಳ್ಳೇನಿತ್ತು? ಅವನು ಕಂಡದ್ದೆಲ್ಲ ಅಲ್ಲಿ ಇದ್ದದ್ದೇ. ಅವನು ಆ ಪರೀಕ್ಷೆಯಲ್ಲಿ ಸೋತ ಎನ್ನುವುದು ಒಂದು ಮಾತು, ಅವನಿಗೆ ಗಮನವೇ ಇಲ್ಲ ಎನ್ನುವುದು ಬೇರೆಯೇ ಮಾತು. ಮೊದಲನೆಯದರಿಂದ ಎರಡನೆಯದಕ್ಕೆ ನಾವು ಎಷ್ಟು ಸಲೀಸಾಗಿ ಜಿಗಿಯುತ್ತೇವೆ ಎಂಬುದೇ ಈ ಲೇಖನದ ವಿಷಯ.

ಧರ್ಮರಾಯನಿಗೆ ನಾನು ಯಾವ ಲೇಬಲ್ಲನ್ನೂ ಅಂಟಿಸುತ್ತಿಲ್ಲ. ಆದರೆ ಮನೋವಿಜ್ಞಾನದ ಪ್ರಯೋಗಾಲಯಗಳಲ್ಲಿ ಇಂಥದೇ ಒಂದು ಪರೀಕ್ಷೆ ದಶಕಗಳಿಂದ ನಡೆಯುತ್ತಿದೆ. ಅದರಲ್ಲಿ ಪಕ್ಕಕ್ಕೆ ಸರಿಸಲ್ಪಡುವವರು ‘ಸ್ಕಿಜೋಟೈಪಲ್’ ಎಂದು ಕರೆಯಲಾಗುವ ಗುಣಗಳು ಹೆಚ್ಚಾಗಿರುವ ಜನ. ಇವರಿಗೆ ‘ಗಮನದ ಕೊರತೆ’ ಇದೆ ಎಂಬ ವಾಕ್ಯ ಪ್ರಬಂಧದಿಂದ ಪ್ರಬಂಧಕ್ಕೆ ನಕಲಾಗುತ್ತಾ ಹೋಗುತ್ತದೆ. ನನ್ನ ಮೊದಲ ತಕರಾರು ಈ ‘ಕೊರತೆ’ ಎಂಬ ಪದದ ಮೇಲೆ. ಎರಡನೆಯದು ನಮ್ಮ ಸಾಹಿತ್ಯ ವಲಯದ ಮೇಲೆ, ಇದೇ ಜನರನ್ನು ‘ಪ್ರತಿಭೆಯ ಹುಚ್ಚು’ ಎಂದು ಹೆಗಲ ಮೇಲೆ ಹೊತ್ತು ಮೆರೆಸುವ ಚಟದ ಮೇಲೆ. ಎರಡೂ ಒಂದೇ ತಪ್ಪಿನ ಎರಡು ಮುಖಗಳು ಎಂಬುದು ನನ್ನ ವಾದ.

ಮೊದಲು ಪದ ಎಲ್ಲಿಂದ ಬಂತು ನೋಡೋಣ. ‘ಸ್ಕಿಜೋಟೈಪ್’ ಎಂಬ ಪದವನ್ನು 1950ರ ದಶಕದಲ್ಲಿ ಟಂಕಿಸಿದವರು ಹಂಗೆರಿ ಮೂಲದ ಮನೋವಿಶ್ಲೇಷಕ ಸ್ಯಾಂಡರ್ ರಾಡೋ. 1962ರಲ್ಲಿ ಅಮೆರಿಕದ ಪಾಲ್ ಮೀಲ್ ಅದನ್ನು ಒಂದು ಸಿದ್ಧಾಂತವಾಗಿ ಬೆಳೆಸಿದರು. ಸ್ಕಿಜೋಫ್ರೇನಿಯಾಕ್ಕೆ ಒಳಗಾಗಬಹುದಾದ ಒಂದು ಒಲವು ಕೆಲವರಲ್ಲಿ ಹುಟ್ಟಿನಿಂದಲೇ ಇರುತ್ತದೆ, ಆದರೆ ಅವರಲ್ಲಿ ಬಹುಪಾಲು ಜನ ಎಂದೂ ಆ ಕಾಯಿಲೆಗೆ ಬೀಳುವುದಿಲ್ಲ ಎಂಬುದು ಅವರ ವಾದವಾಗಿತ್ತು. ಆಕ್ಸ್‌ಫರ್ಡಿನ ಗೋರ್ಡನ್ ಕ್ಲಾರಿಡ್ಜ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಎತ್ತರ, ಕುಳ್ಳು ಇರುವ ಹಾಗೆ ಇವು ಎಲ್ಲರಲ್ಲೂ ಹೆಚ್ಚುಕಡಿಮೆ ಪ್ರಮಾಣದಲ್ಲಿ ಹರಡಿಕೊಂಡಿರುವ ವ್ಯಕ್ತಿತ್ವದ ಗುಣಗಳು, ಇವು ಹೆಚ್ಚಿದ್ದೂ ಆರೋಗ್ಯವಾಗಿರಲು ಸಾಧ್ಯ ಎಂದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಇದರ ತೀವ್ರ ರೂಪಕ್ಕೆ ಒಂದು ವ್ಯಕ್ತಿತ್ವ ದೋಷದ ಸ್ಥಾನ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವಾದರೋ ಅದನ್ನು ವ್ಯಕ್ತಿತ್ವ ದೋಷಗಳ ಪಟ್ಟಿಯಿಂದ ಹೊರಗಿಟ್ಟು ಸ್ಕಿಜೋಫ್ರೇನಿಯಾದ ಬಳಗಕ್ಕೆ ಸೇರಿಸಿತು. ಒಂದೇ ಸ್ಥಿತಿಯನ್ನು ಯಾವ ಕೋಣೆಯಲ್ಲಿ ಕೂರಿಸಬೇಕು ಎಂಬುದರಲ್ಲೇ ಎರಡು ದೊಡ್ಡ ಸಂಸ್ಥೆಗಳಿಗೆ ಒಮ್ಮತವಿರಲಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳೋಣ.

ಈ ಗುಣಗಳಲ್ಲಿ ಮೂರು ಕಟ್ಟುಗಳಿವೆ. ಒಂದು, ಅಸಾಮಾನ್ಯ ಅನುಭವಗಳು: ಯಾರೋ ಪಕ್ಕದಲ್ಲಿ ಇದ್ದಾರೆ ಎನಿಸುವುದು, ಕಾಕತಾಳೀಯದಲ್ಲಿ ಅರ್ಥ ಕಾಣುವುದು, ಯಾರದೋ ಮಾತು ತನ್ನನ್ನೇ ಕುರಿತದ್ದು ಎನಿಸುವುದು. ಎರಡು, ಒಳಸರಿಯುವಿಕೆ: ಆಪ್ತರು ಕಡಿಮೆ, ಜನರ ನಡುವೆ ಕಸಿವಿಸಿ, ಭಾವನೆ ಮುಖಕ್ಕೆ ಬಾರದಿರುವುದು. ಮೂರು, ಚದುರಿದ ಮಾತು ಮತ್ತು ಯೋಚನೆ: ಒಂದು ವಿಷಯದಿಂದ ಇನ್ನೊಂದಕ್ಕೆ ಕೊಂಡಿಯಿಲ್ಲದೆ ಹಾರುವುದು. ಒಬ್ಬ ವ್ಯಕ್ತಿಯಲ್ಲಿ ಮೊದಲನೆಯದು ಹೆಚ್ಚಿದ್ದು ಎರಡನೆಯದು ಇಲ್ಲದೆಯೂ ಇರಬಹುದು. ಇದು ಮುಖ್ಯ, ಯಾಕೆಂದರೆ ‘ಸ್ಕಿಜೋಟೈಪಲ್ ಜನರ ಗಮನ’ ಎಂದು ಏಕವಚನದಲ್ಲಿ ಬರೆಯುವವರು ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಿರುತ್ತಾರೆ.

ಈಗ ಪ್ರಯೋಗಾಲಯಕ್ಕೆ ಬರೋಣ. 1959ರಲ್ಲಿ ಲ್ಯೂಬೋ ಮತ್ತು ಮೂರ್ ಎಂಬ ಸಂಶೋಧಕರು ಕುರಿ ಮತ್ತು ಮೇಕೆಗಳ ಮೇಲೆ ಒಂದು ಸರಳ ಪ್ರಯೋಗ ಮಾಡಿದರು. ಮೊದಲು ಒಂದು ಸಂಕೇತವನ್ನು, ಉದಾಹರಣೆಗೆ ಮಿನುಗುವ ಬೆಳಕನ್ನು, ಸುಮ್ಮನೆ ಕೆಲವು ಸಲ ತೋರಿಸಿದರು. ಅದರಿಂದ ಏನೂ ಆಗುತ್ತಿರಲಿಲ್ಲ. ಆಮೇಲೆ ಅದೇ ಸಂಕೇತದ ಹಿಂದೆಯೇ ಕಾಲಿಗೆ ಸಣ್ಣದೊಂದು ವಿದ್ಯುತ್ ಆಘಾತ ಬರುವಂತೆ ಮಾಡಿದರು. ಮೊದಲು ಸುಮ್ಮನೆ ನೋಡಿದ್ದ ಸಂಕೇತದ ಅರ್ಥ ಕಲಿಯಲು ಪ್ರಾಣಿಗಳಿಗೆ ಹೆಚ್ಚು ಹೊತ್ತು ಬೇಕಾಯಿತು, ಹೊಸ ಸಂಕೇತವಾದರೆ ಬೇಗ ಕಲಿತವು. ಇದಕ್ಕೆ ‘ಲೇಟೆಂಟ್ ಇನ್‌ಹಿಬಿಷನ್’ ಎಂದು ಹೆಸರು. ಕನ್ನಡದಲ್ಲಿ ಇದನ್ನು ‘ಕಲಿತ ಅಲಕ್ಷ್ಯ’ ಎನ್ನಬಹುದು. ಲಕ್ಷ್ಯ ಕೊಡದಿರುವುದಕ್ಕೆ ನಮ್ಮಲ್ಲಿ ಅಲಕ್ಷ್ಯ ಎಂಬ ಪದ ಇದೆಯಷ್ಟೆ. ಅಲಕ್ಷ್ಯವೂ ಒಂದು ಕಲಿಕೆ ಎಂಬುದು ಈ ಪ್ರಯೋಗದ ಸಾರ.

ನಿತ್ಯದ ಬದುಕಿನಲ್ಲಿ ಇದು ಎಲ್ಲೆಲ್ಲೂ ಇದೆ. ಬಸ್ ನಿಲ್ದಾಣದ ಹತ್ತಿರ ಮನೆ ಇರುವವರಿಗೆ ಮೈಕಿನ ಕೂಗು ಕೇಳಿಸುವುದೇ ಇಲ್ಲ. ಹೊಸದಾಗಿ ಬಂದ ನೆಂಟರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಮನೆಯವರು ಕಿವಿ ಮುಚ್ಚಿಕೊಂಡಿಲ್ಲ, ಆ ಕೂಗಿಗೆ ಅರ್ಥವಿಲ್ಲ ಎಂದು ಕಲಿತುಬಿಟ್ಟಿದ್ದಾರೆ. ಈ ಕಲಿಕೆ ಇಲ್ಲದಿದ್ದರೆ ಬದುಕುವುದೇ ಕಷ್ಟ. ಆದರೆ ಒಂದು ದಿನ ಆ ಮೈಕಿನಲ್ಲಿ ನಿಜಕ್ಕೂ ಬೇಕಾದ ಸುದ್ದಿ ಬಂತೆನ್ನಿ. ಆಗ ಮೊದಲು ತಲೆಯೆತ್ತುವವರು ನೆಂಟರು.

1988ರಲ್ಲಿ ಇಲಾನಾ ಬರೂಕ್, ಡೇವಿಡ್ ಹೆಮ್ಸ್ಲಿ, ಜೆಫ್ರಿ ಗ್ರೇ ಇದನ್ನು ಮನುಷ್ಯರ ಮೇಲೆ ಪರೀಕ್ಷಿಸಿದರು. ಭಾಗವಹಿಸಿದವರಿಗೆ ಅರ್ಥವಿಲ್ಲದ ಪದಗಳ ಧ್ವನಿಮುದ್ರಿಕೆ ಕೇಳಿಸಿ, ಅದರಲ್ಲಿ ಒಂದು ಪದ ಎಷ್ಟು ಸಲ ಬಂತು ಎಂದು ಎಣಿಸಲು ಹೇಳುತ್ತಾರೆ. ಹಿನ್ನೆಲೆಯಲ್ಲಿ ಆಗಾಗ ಬುಸ್ಸೆಂಬ ಒಂದು ಸದ್ದು ಬಂದು ಹೋಗುತ್ತಿರುತ್ತದೆ. ಎಣಿಸುವವರು ಅದನ್ನು ಅಲಕ್ಷಿಸಲು ಕಲಿಯುತ್ತಾರೆ. ಎರಡನೆಯ ಹಂತದಲ್ಲಿ ಫಲಕದ ಮೇಲೊಂದು ಅಂಕಿ ಏರುತ್ತಾ ಹೋಗುತ್ತದೆ, ಅದು ಯಾವಾಗ ಏರುತ್ತದೆ ಎಂಬುದನ್ನು ಪತ್ತೆಹಚ್ಚಬೇಕು. ಉತ್ತರ: ಆ ಬುಸ್ಸೆಂಬ ಸದ್ದು ಬಂದಾಗ. ಸಾಮಾನ್ಯರಿಗೆ ಇದು ಹೊಳೆಯಲು ತಡವಾಯಿತು. ಸ್ಕಿಜೋಫ್ರೇನಿಯಾದ ತೀವ್ರ ಹಂತದಲ್ಲಿದ್ದವರಿಗೂ, ರೋಗವಿಲ್ಲದೆಯೂ ಸ್ಕಿಜೋಟೈಪಲ್ ಗುಣಗಳ ಅಂಕ ಹೆಚ್ಚಿದ್ದವರಿಗೂ ಬೇಗ ಹೊಳೆಯಿತು. ದೀರ್ಘಕಾಲದಿಂದ ಕಾಯಿಲೆಯಿದ್ದು ಚಿಕಿತ್ಸೆಯಲ್ಲಿದ್ದವರು ಸಾಮಾನ್ಯರ ಹಾಗೆಯೇ ನಿಧಾನವಾಗಿ ಕಲಿತರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ಪ್ರಯೋಗದಲ್ಲಿ ‘ಅಸಹಜ’ ಎನಿಸಿಕೊಂಡ ಗುಂಪು ಬೇಗ ಕಲಿಯಿತು. ಸಂಶೋಧಕರು ಈ ವಿಧಾನವನ್ನು ಮೆಚ್ಚಿಕೊಂಡದ್ದೂ ಅದೇ ಕಾರಣಕ್ಕೆ. ಮನೋರೋಗಿಗಳು ಬಹಳಷ್ಟು ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಾರೆ. ಅದಕ್ಕೆ ಆಯಾಸ, ಔಷಧ, ಭಯ, ನಿರಾಸಕ್ತಿ, ಯಾವುದು ಬೇಕಾದರೂ ಕಾರಣವಿರಬಹುದು. ಆದರೆ ಬೇರೆಯವರಿಗಿಂತ ಮುಂದೆ ಬಂದರೆ ಅದನ್ನು ನಿರಾಸಕ್ತಿಯಿಂದ ವಿವರಿಸಲಾಗದು. ಗಮನದ ಹಂಚಿಕೆಯೇ ಬೇರೆ ಇದೆ ಎಂದು ಒಪ್ಪಬೇಕಾಗುತ್ತದೆ. ತರ್ಕ ಇಷ್ಟು ಚೊಕ್ಕಟವಾಗಿದೆ. ಆಮೇಲೆ ಬರೆಯುವಾಗ ಏನಾಯಿತು? ‘ಭಂಗ’, ‘ಕೊರತೆ’, ‘ವೈಫಲ್ಯ’ ಎಂಬ ಪದಗಳು ಹಾಗೇ ಉಳಿದವು. ಬೇಗ ಕಲಿತವರು ಅಲಕ್ಷಿಸುವುದರಲ್ಲಿ ಸೋತವರಾದರು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೂ ಕೊರತೆ, ಹೆಚ್ಚು ಬಂದರೂ ಕೊರತೆ. ಅಳೆಯುವ ಮೊದಲೇ ತೀರ್ಪು ಬರೆದಿಟ್ಟಾಗ ಮಾತ್ರ ಹೀಗಾಗುತ್ತದೆ.

ಒಳ್ಳೆಯ ಗಮನ ಎಂದರೆ ಯಾವುದು ಎಂಬ ಪ್ರಶ್ನೆಗೆ ಕಲಿಕೆಯ ಸಿದ್ಧಾಂತದೊಳಗೇ ಎರಡು ಉತ್ತರಗಳಿವೆ. 1975ರಲ್ಲಿ ನಿಕೊಲಾಸ್ ಮ್ಯಾಕಿಂಟಾಶ್ ಒಂದು ಉತ್ತರ ಕೊಟ್ಟರು: ಮುಂದೆ ಏನಾಗುತ್ತದೆ ಎಂದು ಚೆನ್ನಾಗಿ ಸೂಚಿಸುವ ಸಂಕೇತದ ಕಡೆಗೆ ಗಮನ ಹೋಗುತ್ತದೆ, ಉಳಿದದ್ದರಿಂದ ಹಿಂದೆ ಸರಿಯುತ್ತದೆ. 1980ರಲ್ಲಿ ಜಾನ್ ಪಿಯರ್ಸ್ ಮತ್ತು ಜೆಫ್ರಿ ಹಾಲ್ ಹೆಚ್ಚುಕಡಿಮೆ ವಿರುದ್ಧವಾದದ್ದನ್ನು ಹೇಳಿದರು: ಪೂರ್ತಿ ಗೊತ್ತಾದದ್ದರ ಮೇಲೆ ಮತ್ತೆ ಗಮನವೇಕೆ, ಇನ್ನೂ ಅನಿಶ್ಚಿತವಾಗಿರುವುದರ ಕಡೆಗೆ ಅದು ಹೋಗಬೇಕು. ಮೊದಲನೆಯದು ಗುರಿ ತಿಳಿದವನ ಗಮನ, ಎರಡನೆಯದು ಗುರಿ ಹುಡುಕುತ್ತಿರುವವನ ಗಮನ. ಎರಡಕ್ಕೂ ಪ್ರಯೋಗಗಳ ಬೆಂಬಲವಿದೆ, ಪ್ರಾಣಿಗೂ ಮನುಷ್ಯನಿಗೂ ಎರಡೂ ಬೇಕು. ಸಂಸ್ಕೃತದಲ್ಲಿ ‘ಗಮನ’ ಎಂದರೆ ಹೋಗುವುದು, ಸಾಗುವುದು. ಅದೇ ಪದವನ್ನು ನಾವು ಕನ್ನಡದಲ್ಲಿ ಮನಸ್ಸಿಟ್ಟು ನೋಡುವುದಕ್ಕೆ ಬಳಸುತ್ತೇವೆ. ಸಾಗದೆ ನಿಂತದ್ದನ್ನೇ ಗಮನ ಎಂದು ಹೊಗಳುವುದು ತರಗತಿಯ ಅನುಕೂಲಕ್ಕೆ ಹುಟ್ಟಿದ ಅಭ್ಯಾಸ.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಅರ್ಧ ಸತ್ಯ ಮಾರಿದಂತಾಗುತ್ತದೆ. ಕಲಿತ ಅಲಕ್ಷ್ಯದ ಪ್ರಯೋಗಗಳು ಎಲ್ಲ ಕಡೆ ಒಂದೇ ಫಲಿತಾಂಶ ಕೊಟ್ಟಿಲ್ಲ. ಅಂಕ ಹೆಚ್ಚಿದ್ದವರಲ್ಲಿ ವ್ಯತ್ಯಾಸ ಕಾಣದ ಅಧ್ಯಯನಗಳೂ ಇವೆ. ಮನುಷ್ಯರಿಗೆ ಕೊಡುವ ಆ ಎಣಿಸುವ ಕೆಲಸದಿಂದಾಗಿ ಇಲ್ಲಿ ಅಳೆಯುತ್ತಿರುವುದು ಕುರಿ ಮೇಕೆಗಳಲ್ಲಿ ಕಂಡದ್ದನ್ನೇ ಹೌದೆ ಎಂಬ ಆಕ್ಷೇಪವೂ ಇದೆ, ಅದರಲ್ಲಿ ಹುರುಳಿದೆ. ಬಹಳ ಹೊತ್ತು ಒಂದೇ ಕಡೆ ಕಣ್ಣಿಟ್ಟು ಅಪರೂಪಕ್ಕೆ ಬರುವ ಗುರುತನ್ನು ಹಿಡಿಯುವಂಥ ಪರೀಕ್ಷೆಗಳಲ್ಲಿ ಈ ಗುಣಗಳು ಹೆಚ್ಚಿರುವವರು ಸರಾಸರಿಯಲ್ಲಿ ಹಿಂದೆ ಬೀಳುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಈ ಯಾವುದನ್ನೂ ನಾನು ಅಲ್ಲಗಳೆಯುತ್ತಿಲ್ಲ. ನಾನು ಹೇಳುತ್ತಿರುವುದು, ಇಷ್ಟು ಜಟಿಲವಾದ, ಒಳಗೊಳಗೇ ಜಗಳವಾಡುವ ಫಲಿತಾಂಶಗಳ ಗಂಟನ್ನು ‘ಇವರಿಗೆ ಗಮನದ ಕೊರತೆಯಿದೆ’ ಎಂಬ ನಾಲ್ಕು ಪದಗಳಿಗೆ ಇಳಿಸುವ ಹಕ್ಕು ಯಾರಿಗೂ ಇಲ್ಲ ಎಂದು.

ಈ ಬಗೆಯ ಗಮನಕ್ಕೆ ತೆರಬೇಕಾದ ಬೆಲೆಯನ್ನೂ ಹೇಳಲೇಬೇಕು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವೆ. ಹಾಗೆಂದು ನಕ್ಕು ಮುಂದೆ ಹೋಗಲು ನಮಗೆ ಸಾಧ್ಯವಾಗುವುದು ಕಾಗೆಯನ್ನು ಅಲಕ್ಷಿಸಲು ಕಲಿತಿರುವುದರಿಂದ. ಕಾಗೆಯೂ ಕೊಂಬೆಯೂ ಸಮಾನ ತೀವ್ರತೆಯಿಂದ ಕಾಣುವ ಮನಸ್ಸಿಗೆ ಅವುಗಳ ನಡುವೆ ನಂಟು ಕಾಣದಿರುವುದು ಕಷ್ಟ. 2003ರಲ್ಲಿ ಶಿತಿಜ್ ಕಪೂರ್ ಎಂಬ ಮನೋವೈದ್ಯರು ಇದನ್ನು ಸ್ಕಿಜೋಫ್ರೇನಿಯಾದ ಭ್ರಮೆಗಳಿಗೆ ಅನ್ವಯಿಸಿ ವಿವರಿಸಿದರು. ಯಾವುದು ಮುಖ್ಯ ಎಂದು ಗುರುತು ಹಾಕುವುದರಲ್ಲಿ ಮೆದುಳಿನ ಡೋಪಮಿನ್‌ಗೆ ಪಾತ್ರವಿದೆ. ಅದು ಹೊತ್ತಲ್ಲದ ಹೊತ್ತಿನಲ್ಲಿ ಹರಿದರೆ ಏನೂ ಅಲ್ಲದ ವಸ್ತು, ಸದ್ದು, ನೋಟಗಳು ಮಹತ್ವದ್ದಾಗಿ ಕಾಣತೊಡಗುತ್ತವೆ. ಆ ಮಹತ್ವಕ್ಕೆ ಕಾರಣ ಹುಡುಕುತ್ತಾ ಮನಸ್ಸು ಕಟ್ಟಿಕೊಳ್ಳುವ ಕಥೆಯೇ ಭ್ರಮೆ ಎಂಬುದು ಅವರ ವಾದ. ಎದುರುಮನೆಯ ಕಿಟಕಿ ತೆರೆದದ್ದಕ್ಕೂ, ರಸ್ತೆಯಲ್ಲಿ ಯಾರೋ ಕೆಮ್ಮಿದ್ದಕ್ಕೂ ಅರ್ಥ ಇದ್ದೇ ಇದೆ ಎನಿಸುವ ಸ್ಥಿತಿಯಲ್ಲಿ ನಿದ್ದೆ ಬರುವುದಿಲ್ಲ, ಓದು ಸಾಗುವುದಿಲ್ಲ, ಗೆಳೆಯರು ಉಳಿಯುವುದಿಲ್ಲ. ಗುಣವಿದ್ದವರೆಲ್ಲ ಈ ಸ್ಥಿತಿಗೆ ಹೋಗುವುದಿಲ್ಲ. ಆದರೆ ಹೋದವರ ಸಂಕಟ ನಿಜವಾದದ್ದು, ಅದಕ್ಕೆ ಚಿಕಿತ್ಸೆಯೂ ಇದೆ.

ಈ ಸಂಕಟದ ಎದುರು ನಮ್ಮ ಸಾಹಿತ್ಯದ ಪಡಸಾಲೆಯ ಮಾತುಗಳನ್ನಿಟ್ಟು ನೋಡಿ. ‘ಹುಚ್ಚಿಲ್ಲದೆ ಕಾವ್ಯವಿಲ್ಲ’, ‘ಅವನಿಗೆ ಸ್ವಲ್ಪ ಲೂಸ್, ಅದಕ್ಕೇ ಅಷ್ಟು ಚೆನ್ನಾಗಿ ಬರೀತಾನೆ’ ಎಂಬ ಮಾತುಗಳನ್ನು ಕಾವ್ಯ ಕಮ್ಮಟದಲ್ಲೋ ಗೋಷ್ಠಿಯ ನಂತರದ ಚಹಾದಲ್ಲೋ ಕೇಳದವರಾರು? ಈಗ ಅದಕ್ಕೆ ವಿಜ್ಞಾನದ ಸಾಕ್ಷಿಯೂ ಸಿಕ್ಕಿದೆ ಎನ್ನುವವರಿದ್ದಾರೆ. ಅವರು ಉಲ್ಲೇಖಿಸುವುದು 2003ರಲ್ಲಿ ಶೆಲ್ಲಿ ಕಾರ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು. ಸೃಜನಶೀಲ ಸಾಧನೆ ಹೆಚ್ಚಿದ್ದವರಲ್ಲಿ ಕಲಿತ ಅಲಕ್ಷ್ಯ ಕಡಿಮೆಯಿತ್ತು ಎಂದು ಅದು ಹೇಳುತ್ತದೆ ನಿಜ. ಆದರೆ ಆ ಅಧ್ಯಯನದಲ್ಲಿದ್ದವರು ಹಾರ್ವರ್ಡಿನ ವಿದ್ಯಾರ್ಥಿಗಳು. ಓದಿನಲ್ಲಿ, ಬದುಕಿನಲ್ಲಿ ಚೆನ್ನಾಗಿ ನಡೆದುಕೊಂಡು ಹೋಗುತ್ತಿದ್ದವರು. ಸೋಸದೆ ಒಳಬರುವುದನ್ನೆಲ್ಲ ಹಿಡಿದು ಜೋಡಿಸುವ ಬುದ್ಧಿಶಕ್ತಿ ಜೊತೆಗಿದ್ದಾಗ ಅದು ಸೃಜನಶೀಲತೆಗೆ ನೆರವಾಗಬಹುದು ಎಂಬುದು ಅದರ ಪೂರ್ಣ ವಾದ. ‘ಜೊತೆಗಿದ್ದಾಗ’ ಎಂಬುದನ್ನು ನಮ್ಮವರು ಬಿಟ್ಟುಬಿಡುತ್ತಾರೆ.

ಇನ್ನೊಂದು ಅಧ್ಯಯನವನ್ನು ಇವರು ಅಷ್ಟಾಗಿ ಉಲ್ಲೇಖಿಸುವುದಿಲ್ಲ. ಸ್ಕಿಜೋಫ್ರೇನಿಯಾಕ್ಕೂ ಸಾಹಿತ್ಯ ಸೃಷ್ಟಿಗೂ ನಂಟಿರಬಹುದು ಎಂಬ ನಿರೀಕ್ಷೆಯಿಂದ ನ್ಯಾನ್ಸಿ ಆಂಡ್ರಿಯಾಸನ್ ಅಮೆರಿಕದ ಅಯೋವಾ ಬರಹಗಾರರ ಕಮ್ಮಟದ 30 ಲೇಖಕರನ್ನು ಸಂದರ್ಶಿಸಿದರು. 1987ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸ್ಕಿಜೋಫ್ರೇನಿಯಾ ಇದ್ದ ಲೇಖಕರು ಒಬ್ಬರೂ ಇರಲಿಲ್ಲ. ಖಿನ್ನತೆಯಂಥ ಮನೋಭಾವದ ತೊಂದರೆಗಳು ಮಾತ್ರ ಹೆಚ್ಚಾಗಿ ಕಂಡವು. ಅದೂ ಚಿಕ್ಕ ಅಧ್ಯಯನವೇ, ಅದರ ಮೇಲೂ ಟೀಕೆಗಳಿವೆ. ಆದರೆ ಹುಚ್ಚು ಮತ್ತು ಪ್ರತಿಭೆ ಒಂದೇ ಬೇರಿನವು ಎಂದು ಬಯಸಿದ ಮಾತ್ರಕ್ಕೆ ಸಾಕ್ಷ್ಯ ಸಿಗುವುದಿಲ್ಲ ಎಂಬುದಕ್ಕೆ ಅದು ಒಳ್ಳೆಯ ನೆನಪೋಲೆ.

ಈ ರಮ್ಯತೆಯಿಂದ ಯಾರಿಗೆ ನಷ್ಟ? ರಾತ್ರಿಯಿಡೀ ನಿದ್ದೆಯಿಲ್ಲದೆ, ಹಾಸ್ಟೆಲ್ಲಿನವರೆಲ್ಲ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದು ಒಳಗೊಳಗೇ ಕುಸಿಯುತ್ತಿರುವ ಹುಡುಗನಿಗೆ ‘ನೀನು ಕವಿ ಕಣಯ್ಯಾ’ ಎಂದು ಬೆನ್ನು ತಟ್ಟಿದರೆ, ಅವನು ಸಹಾಯ ಕೇಳಬಹುದಾಗಿದ್ದ ಬಾಗಿಲನ್ನು ನಾವೇ ಮುಚ್ಚಿದಂತೆ. ಕವಿತೆ ಬರೆಯದ, ಬರೆಯಲು ಬಾರದ ಹುಡುಗಿಯೊಬ್ಬಳಿಗೆ ಇದೇ ಗುಣಗಳಿದ್ದರೆ ಅವಳು ಬರೀ ‘ಒಂಥರಾ’ ಆಗಿಬಿಡುತ್ತಾಳೆ. ಘನತೆಯನ್ನು ಪ್ರತಿಭೆಯ ಷರತ್ತಿನ ಮೇಲೆ ಹಂಚುವುದು ಇದು. ಪ್ರಯೋಗಾಲಯ ಇವರನ್ನು ಕೊರತೆ ಎಂದು ಓದಿತು, ಗೋಷ್ಠಿ ಇವರನ್ನು ವರ ಎಂದು ಓದಿತು. ‘ನಿನಗೆ ಏನು ಕಾಣುತ್ತಿದೆ’ ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಎರಡೂ ಕಡೆ ಕಾಣಲಿಲ್ಲ.

ಇನ್ನು ಈ ಜನರನ್ನು ಗುರುತಿಸುವ ವಿಧಾನಕ್ಕೆ ಬರೋಣ. ಹೆಚ್ಚು ಬಳಕೆಯಲ್ಲಿರುವುದು 1991ರಲ್ಲಿ ಏಡ್ರಿಯನ್ ರೇನ್ ರೂಪಿಸಿದ ಪ್ರಶ್ನಾವಳಿ. 74 ಪ್ರಶ್ನೆಗಳು, ಉತ್ತರ ಹೌದು ಅಥವಾ ಇಲ್ಲ. ಈ ಬಗೆಯ ಅಧ್ಯಯನಗಳಲ್ಲಿ ಭಾಗವಹಿಸುವವರು ಬಹುಮಟ್ಟಿಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಅವರ ಅಂಕಗಳನ್ನು ಸಾಲಾಗಿ ಬರೆದು ಸರಿಯಾಗಿ ನಡುವೆ ಗೆರೆ ಎಳೆದು, ಮೇಲಿನವರು ‘ಹೆಚ್ಚು’, ಕೆಳಗಿನವರು ‘ಕಡಿಮೆ’ ಎಂದು ವಿಂಗಡಿಸುವ ಪದ್ಧತಿ ಹಲವು ಪ್ರಬಂಧಗಳಲ್ಲಿದೆ. ಹಾಗೆ ಮಾಡಿದರೆ ಯಾವ ತರಗತಿಯನ್ನೇ ತೆಗೆದುಕೊಳ್ಳಿ, ಅದರ ಅರ್ಧ ಜನ ‘ಹೆಚ್ಚು ಸ್ಕಿಜೋಟೈಪಲ್’ ಆಗಲೇಬೇಕು. ಅಂಕಗಣಿತ ಹಾಗಿದೆ. ಅಲ್ಲಿ ಸಿಕ್ಕ ಸಣ್ಣ ಸರಾಸರಿ ವ್ಯತ್ಯಾಸ, ಪ್ರಬಂಧದ ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ರೋಗಿಯೊಬ್ಬನ ಮೆದುಳಿನ ಕುರಿತ ಹೇಳಿಕೆಯಾಗಿ ಬೆಳೆದಿರುತ್ತದೆ.

ಪ್ರಶ್ನೆಗಳಾದರೂ ಎಂಥವು? ಮುಂದಾಗುವುದು ಮೊದಲೇ ಗೊತ್ತಾಗುತ್ತದೆಯೇ, ಆರನೆಯ ಇಂದ್ರಿಯದಲ್ಲಿ ನಂಬಿಕೆಯಿದೆಯೇ, ಕಣ್ಣಿಗೆ ಕಾಣದ ಯಾವುದೋ ಶಕ್ತಿಯ ಇರವು ಅನುಭವಕ್ಕೆ ಬಂದಿದೆಯೇ ಎಂಬ ಧಾಟಿಯವು. ದಕ್ಷಿಣ ಕನ್ನಡದ ಒಂದು ಭೂತಕೋಲದಲ್ಲಿ ದೈವದ ನುಡಿ ಕೇಳಿ ಜಮೀನಿನ ವ್ಯಾಜ್ಯ ಬಗೆಹರಿಸಿಕೊಂಡು ಬಂದವರಿಗೆ ಈ ಪ್ರಶ್ನೆ ಕೊಡಿ. ಹಲ್ಲಿ ಲೊಚಗುಟ್ಟಿದರೆ ಮಾತು ನಿಲ್ಲಿಸುವ ಅಜ್ಜಿಗೆ ಕೊಡಿ. ಅವರು ಹೌದು ಎನ್ನುತ್ತಾರೆ, ಅವರ ಸುತ್ತಲಿನ ಊರೆಲ್ಲ ಹೌದು ಎನ್ನುತ್ತದೆ. ಅದು ನಂಬಿಕೆ, ಅದನ್ನು ಬೇಕಾದರೆ ವೈಚಾರಿಕವಾಗಿ ಪ್ರಶ್ನಿಸಿ. ನಾನೂ ಪ್ರಶ್ನಿಸುತ್ತೇನೆ. ಆದರೆ ಊರಿನೊಡನೆ ಹಂಚಿಕೊಂಡ ನಂಬಿಕೆ ಒಬ್ಬ ವ್ಯಕ್ತಿಯ ಮನಸ್ಸಿನ ವಿಲಕ್ಷಣತೆಗೆ ಸಾಕ್ಷಿಯಲ್ಲ. ಅಮೆರಿಕದ ಆ ಕೈಪಿಡಿಯೇ ತನ್ನ ಮಾನದಂಡದಲ್ಲಿ ವ್ಯಕ್ತಿಯ ಸಮುದಾಯದ ರೂಢಿಗೆ ಹೊಂದದ ನಂಬಿಕೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುತ್ತದೆ. ಹೌದು, ಇಲ್ಲ ಎಂಬ ಎರಡು ಚೌಕಗಳಿಗೆ ಅಂಥ ವಿವೇಕವಿಲ್ಲ.

ಅದಕ್ಕಿಂತ ಗಂಭೀರವಾದದ್ದು ಅನುಮಾನದ ಪ್ರಶ್ನೆಗಳು. ಅಂಗಡಿಗೆ ಹೋದಾಗ ಜನ ನಿಮ್ಮನ್ನು ಗಮನಿಸುತ್ತಾರೆ ಎನಿಸುತ್ತದೆಯೇ? ಬೆನ್ನ ಹಿಂದೆ ನಿಮ್ಮ ಬಗ್ಗೆ ಮಾತಾಡುತ್ತಾರೆ ಎನಿಸುತ್ತದೆಯೇ? ಸಂಜೆ ಏಳರ ಮೇಲೆ ತಾಲ್ಲೂಕು ಕೇಂದ್ರದ ಪೇಟೆಯಲ್ಲಿ ಒಬ್ಬಳೇ ನಡೆಯುವ ಹುಡುಗಿ ಇದಕ್ಕೆ ಏನು ಉತ್ತರಿಸಬೇಕು? ಊರಿನ ಹೋಟೆಲಿನಲ್ಲಿ ಯಾವ ಲೋಟ ತನ್ನ ಮುಂದೆ ಬರುತ್ತದೆ ಎಂದು ಕಣ್ಣಿಟ್ಟು ನೋಡಬೇಕಾದ ದಲಿತ ಹುಡುಗ ಏನು ಉತ್ತರಿಸಬೇಕು? ಜನ ಅವರನ್ನು ಗಮನಿಸುತ್ತಲೇ ಇದ್ದಾರೆ. ಅವರ ‘ಹೌದು’ ಲೋಕದ ಬಗ್ಗೆ ನಿಖರವಾದ ವರದಿ. ಸದಾ ಸುತ್ತ ಕಣ್ಣಾಡಿಸುತ್ತಿರುವುದು, ಯಾವ ಸದ್ದನ್ನೂ ಅಲಕ್ಷಿಸದಿರುವುದು ಅವರ ಪಾಲಿಗೆ ಅನುಭವ ಕಲಿಸಿದ ಪಾಠ. ಅಂಥವರು ತರಗತಿಯಲ್ಲಿ ಕೂತಾಗ ಆ ಕಲಿಕೆಯನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರಲಾರರು. ಈ ವ್ಯತ್ಯಾಸವನ್ನು ಕೇಳದ ಪ್ರಶ್ನಾವಳಿ ಸಮಾಜದ ದೋಷವನ್ನು ವ್ಯಕ್ತಿಯ ಖಾತೆಗೆ ಬರೆಯುತ್ತದೆ. ಇಂಥ ಮಾಪನಗಳನ್ನು ಕನ್ನಡಕ್ಕೆ ತರುವ ಸಂಶೋಧಕರು ಪದಗಳನ್ನು ಅನುವಾದಿಸಿದರೆ ಸಾಲದು. ಯಾರು, ಎಲ್ಲಿ ನಿಂತು, ಯಾವ ಭಯದಲ್ಲಿ ಉತ್ತರಿಸುತ್ತಿದ್ದಾರೆ ಎಂಬುದನ್ನೂ ಕೇಳಬೇಕು.

ಹಾಗಾದರೆ ಮಾಡುವುದೇನು? ನನ್ನ ಓರಗೆಯ ಸಂಶೋಧಕರಿಗೆ ಮೊದಲ ಕೋರಿಕೆ. ನಿಮ್ಮ ಪ್ರಬಂಧದಲ್ಲಿ ‘ಗಮನದ ಕೊರತೆ’ ಎಂದು ಬರೆದಲ್ಲೆಲ್ಲ ಅದನ್ನು ಹೊಡೆದುಹಾಕಿ, ಯಾವ ಕೆಲಸದಲ್ಲಿ, ಯಾವುದಕ್ಕೆ, ಎಷ್ಟು ಹೊತ್ತು, ಯಾರಿಗಿಂತ ಎಂದು ಬಿಡಿಸಿ ಬರೆಯಿರಿ. ವಾಕ್ಯ ಉದ್ದವಾಗುತ್ತದೆ, ಆದರೆ ಸತ್ಯವಾಗುತ್ತದೆ. ಬೇಗ ಕಲಿತವರನ್ನು ಬೇಗ ಕಲಿತರು ಎಂದೇ ಬರೆಯಿರಿ. ಮೂರು ಕಟ್ಟುಗಳನ್ನು ಬೇರೆ ಬೇರೆಯಾಗಿ ಅಳೆಯಿರಿ.

ಶಿಕ್ಷಕರಿಗೆ ಎರಡನೆಯದು. ಯಾವುದು ಮುಖ್ಯ, ಯಾವುದು ಅಲ್ಲ ಎಂಬುದು ಎಲ್ಲ ಮಕ್ಕಳಿಗೂ ತಾನಾಗಿ ಗೊತ್ತಾಗುತ್ತದೆ ಎಂದುಕೊಳ್ಳಬೇಡಿ. ಹಲಗೆಯ ಮೂಲೆಯ ಹಳೆಯ ಬರಹ, ಫ್ಯಾನಿನ ಕಿರುಗುಟ್ಟುವಿಕೆ, ನಿಮ್ಮ ದನಿಯ ಏರಿಳಿತ, ಇವೆಲ್ಲ ಪಾಠದಷ್ಟೇ ಜೋರಾಗಿ ಕೇಳಿಸುವ ಮಕ್ಕಳಿರುತ್ತಾರೆ. ಈಗ ಹೇಳುತ್ತಿರುವುದು ಮುಖ್ಯ, ಇದು ಉದಾಹರಣೆ ಮಾತ್ರ, ಇಲ್ಲಿಗೆ ಈ ವಿಷಯ ಮುಗಿಯಿತು ಎಂದು ಬಾಯಿಬಿಟ್ಟು ಹೇಳುವುದಕ್ಕೆ ಖರ್ಚಿಲ್ಲ. ಅದರಿಂದ ಉಳಿದ ಮಕ್ಕಳಿಗೂ ಲಾಭವೇ. ಉತ್ತರ ಎಲ್ಲಿಂದಲೋ ಬಂದಂತೆ ಕಂಡರೆ, ಅದು ಯಾವ ದಾರಿಯಲ್ಲಿ ಬಂತು ಎಂದು ಒಮ್ಮೆ ಕೇಳಿ. ಅದಕ್ಕೆ ಎರಡು ನಿಮಿಷ ಸಾಕು. ಆದರೆ ದಯವಿಟ್ಟು ಅಂತರ್ಜಾಲದಲ್ಲಿ ಸಿಕ್ಕ ಪ್ರಶ್ನಾವಳಿಯನ್ನು ಮಕ್ಕಳ ಮೇಲೆ ಪ್ರಯೋಗಿಸಬೇಡಿ. ಗುರುತಿಸುವುದು ತರಬೇತಿ ಪಡೆದವರ ಕೆಲಸ.

ಮೂರನೆಯದು ಗೆಳೆಯರಿಗೆ, ಸಹಪಾಠಿಗಳಿಗೆ. ವಿಚಿತ್ರವಾಗಿ ಯೋಚಿಸುವುದು ಕಾಯಿಲೆಯಲ್ಲ. ಅನುಮಾನ ದಿನದಿನಕ್ಕೆ ಬಿಗಿಯಾಗುತ್ತಿದೆ, ನಿದ್ದೆ ಹೋಗಿದೆ, ಊಟ ಬಿಟ್ಟಿದ್ದಾರೆ, ಇಲ್ಲದ ದನಿ ಕೇಳಿಸುತ್ತಿದೆ ಎಂದರೆ ಅದು ಕಾಯುವ ಹೊತ್ತಲ್ಲ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ, ಹಣ ಕೊಡದೆ ಮಾತಾಡಬಹುದು. ಹತ್ತಿರದ ಜಿಲ್ಲಾ ಆಸ್ಪತ್ರೆಗೂ ಹೋಗಬಹುದು. ಕರೆದುಕೊಂಡು ಹೋಗುವವರು ಬುದ್ಧಿ ಹೇಳುವುದು ಬೇಡ, ಜೊತೆಗೆ ಕೂತರೆ ಸಾಕು.

ಇದನ್ನು ಓದುವವರಲ್ಲಿ ಕೆಲವರಾದರೂ ಈ ಗುಣಗಳಲ್ಲಿ ತಮ್ಮನ್ನು ಕಂಡಿರುತ್ತೀರಿ. ಇವು ಎಲ್ಲರಲ್ಲೂ ಅಷ್ಟಿಷ್ಟು ಇರುವಂಥವು ಎಂದಮೇಲೆ ಅದು ಸಹಜ. ನಿಮ್ಮ ಗಮನ ಗುರಿಯೊಂದರ ಮೇಲೆ ನಿಲ್ಲದೆ ಸುತ್ತಲಿನದಕ್ಕೂ ಹೋಗುತ್ತಿದ್ದರೆ ಅದರಿಂದ ನಿಮಗೆ ತೊಂದರೆಯಾಗುತ್ತಿದೆಯೇ ಎಂಬುದು ಕೇಳಿಕೊಳ್ಳಬೇಕಾದ ಪ್ರಶ್ನೆ. ಆಗುತ್ತಿದ್ದರೆ ಸಹಾಯ ಪಡೆಯಿರಿ, ಅದರಿಂದ ನಿಮ್ಮೊಳಗಿನ ಯಾವ ಕವಿಯೂ ಸಾಯುವುದಿಲ್ಲ. ಆಗದಿದ್ದರೆ, ಯಾರೋ ಮಾಡಿಸಿಟ್ಟ ಬೊಂಬೆ ಹಕ್ಕಿಯ ಕಣ್ಣು ಕಾಣಲಿಲ್ಲವೆಂದು ಕುಗ್ಗಬೇಕಾಗಿಲ್ಲ. ಮರವೂ ಅಲ್ಲಿತ್ತು, ತಮ್ಮಂದಿರೂ ಅಲ್ಲಿದ್ದರು.